ಸೇನೆಯ ಹಳೆಯ ಡೀಸೆಲ್ ಲಾರಿ: ದೋಷಪತ್ತೆ ಮತ್ತು ದುರಸ್ತಿ

ಸೇನೆ ಬಳಸಿ ಹರಾಜು ಹಾಕಿದ ಲಾರಿಗಳಲ್ಲಿ ಎರಡು ಹೆಸರುಗಳು ಪ್ರಮುಖ: ಜರ್ಮನಿಯ ಮ್ಯಾನ್ ಕಂಪನಿಯ ತಂತ್ರಜ್ಞಾನದೊಂದಿಗೆ ಜಬಲ್ಪುರದಲ್ಲಿ 1959ರಿಂದ ತಯಾರಾದ ‘ಶಕ್ತಿಮಾನ್’ ಹಾಗೂ ಅನಂತರ ಬಂದ ಅಶೋಕ್ ಲೇಲ್ಯಾಂಡ್‌ನ ‘ಸ್ಟಾಲಿಯನ್’. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಗ್ಯಾರೇಜಿಗೆ ಇಂತಹ ವಾಹನ ಬಂದರೆ, ಅದು ಓಡಿದ ದೂರಕ್ಕಿಂತ ನಿಂತಿದ್ದ ಕಾಲವನ್ನು ಮೊದಲು ವಿಚಾರಿಸಬೇಕು.

ಚಾಲೂ ಆಗದಿದ್ದರೆ: ನಿಂತ ಲಾರಿಯ ಟ್ಯಾಂಕಿನಲ್ಲಿ ನೀರು, ತುಕ್ಕು ಸೇರಿರುತ್ತವೆ. ಹಳೆಯ ಡೀಸೆಲ್ ಬಸಿದು, ಫಿಲ್ಟರ್ ಬದಲಿಸಿ, ಕೈಪಂಪಿನಿಂದ ಕೊಳವೆಯೊಳಗಿನ ಗಾಳಿಯನ್ನು ಹೊರಹಾಕಬೇಕು. 24 ವೋಲ್ಟ್ ವ್ಯವಸ್ಥೆಯಿದ್ದಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಒಂದು ಸೋತರೂ ಸ್ಟಾರ್ಟರ್ ಸರಿಯಾಗಿ ತಿರುಗದು.

ಹೊಗೆಯ ಬಣ್ಣ: ಕಪ್ಪು ಹೊಗೆ ಗಾಳಿಯ ಕೊರತೆ ಅಥವಾ ಹೆಚ್ಚಿನ ಇಂಧನದ ಸೂಚನೆ. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್, ಕಂಪ್ರೆಷನ್ ಮತ್ತು ಕೂಲಂಟ್ ಸೋರಿಕೆಯನ್ನು ಪರೀಕ್ಷಿಸಬೇಕು.

ಗೇರು: ಮುಂದಿನ ಆಕ್ಸಲ್ ಜೋಡಣೆ ಕೆಸರಿನ ಹೊಲಕ್ಕಷ್ಟೇ. ಡಾಂಬರು ರಸ್ತೆಯಲ್ಲಿ ಅದನ್ನು ಬಿಡಿಸದಿದ್ದರೆ ಗೇರುಗಳ ಮೇಲೆ ಒತ್ತಡ ಬಿದ್ದು ಸ್ಟಿಯರಿಂಗ್ ಬಿಗಿಯಾಗುತ್ತದೆ.

ಎಚ್ಚರಿಕೆ: ಇಂಜೆಕ್ಟರ್ ಕೊಳವೆಯ ಸೋರಿಕೆಯನ್ನು ಬೆರಳಿನಿಂದ ಹುಡುಕಬಾರದು, ರಟ್ಟಿನ ತುಂಡು ಬಳಸಬೇಕು. ಒತ್ತಡದಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಿ ಒಳಸೇರುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಬ್ರೇಕಿನ ರಬ್ಬರ್ ಭಾಗಗಳನ್ನು ಬದಲಿಸದೆ ಲಾರಿಗೆ ಹೊರೆ ಹೇರಬಾರದು. ಹರಾಜಿನ ಮೂಲ ದಾಖಲೆ, ಚಾಸಿಸ್ ಸಂಖ್ಯೆ ಹೊಂದಿಕೆಯಾಗಿ ನೋಂದಣಿ ಆಗುವವರೆಗೆ ರಸ್ತೆಗಿಳಿಸುವುದೂ ಸಲ್ಲದು.