ಗಳಗನಾಥರ ಪುಸ್ತಕದ ಹೊರೆ

ಪಶ್ಚಿಮ ದೇಶಗಳಲ್ಲಿ ಕಾದಂಬರಿಕಾರನ ಕೈಬರಹವನ್ನು ಪ್ರಕಾಶಕರ ಬಳಿಗೆ ಒಯ್ದು ಕರಾರು ಮಾಡಿಸುವ ಮಧ್ಯಸ್ಥರುಂಟು. ನಮ್ಮ ಹಿರೇಕೆರೂರು-ಹಾವೇರಿಗಳ ಸೀಮೆಯಲ್ಲಿ ಪುಸ್ತಕವನ್ನು ಓದುಗರಿಗೆ ಮುಟ್ಟಿಸುವ ಭಾರವನ್ನು ಗ್ರಂಥಕರ್ತರೇ ಹೊತ್ತುದನ್ನು ವಾಚಕರು ಮರೆಯಲಾಗದು.

ವೆಂಕಟೇಶ ತಿರಕೋ ಕುಲಕರ್ಣಿಯವರು 1869ರಲ್ಲಿ ವರದಾ-ತುಂಗಭದ್ರೆಯರ ಸಂಗಮದ ಗಳಗನಾಥದಲ್ಲಿ ಜನಿಸಿ, ಊರ ಹೆಸರಿನಿಂದಲೇ ಪ್ರಸಿದ್ಧರಾದರು. ವೃತ್ತಿಯಿಂದ ಶಾಲಾಶಿಕ್ಷಕರು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತರುತ್ತ ಅವರ ಲೇಖನಿಯು ಪಳಗಿತು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯಲ್ಲಿ ಅವರ ಕಾದಂಬರಿಗಳು ಪ್ರಕರಣಶಃ ಬಂದವು. ಮಾಸಪತ್ರಿಕೆಗೆ ಬರೆಯುವವನಿಗೆ ತಿದ್ದುವ ಬಿಡುವು ಅಲ್ಪ; ತಿಂಗಳು ತುಂಬಿದೊಡನೆ ಪ್ರಕರಣವು ಅಚ್ಚಿಗೆ ಸಿದ್ಧವಿರಬೇಕು. ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾವಿಲಾಸ’ವು 1923ರಲ್ಲಿ ಪ್ರಕಟವಾಯಿತು.

ಅಚ್ಚಾದ ಪುಸ್ತಕವು ತಾನೇ ನಡೆದು ಹೋಗದಷ್ಟೆ! ಗಂಟು ಕಟ್ಟಿ ಹೊತ್ತು, ಊರೂರು ತಿರುಗಿ, ಮನೆಮನೆಯ ಬಾಗಿಲಲ್ಲಿ ನಿಂತು ಮಾರಿದರು. ವಿದ್ಯಾವಂತರು ಮರಾಠಿಯನ್ನೇ ಓದುತ್ತಿದ್ದ ಆ ಕಾಲದಲ್ಲಿ ಇದು ಬರಿಯ ವ್ಯಾಪಾರವಲ್ಲ. ಕನ್ನಡಕ್ಕೆ ಓದುಗರನ್ನು ಕೂಡಿಸುವ ವ್ರತ.

1942ರಲ್ಲಿ ಅವರು ದಿವಂಗತರಾದರು. ಅವರದೊಂದು ಗ್ರಂಥವನ್ನಾದರೂ ಎರವಲು ತಾರದೆ ಕೊಂಡು, ಮನೆಯ ಮಕ್ಕಳಿಂದ ಓದಿಸುವದು ನಮ್ಮ ಮೇಲಿರುವ ಋಣ.