ಶುಶ್ರೂಷೆಯಲ್ಲಿ ಪ್ರಮಾಣವಿಚಾರ

ಚರಕಸಂಹಿತೆಯು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳುತ್ತದೆ. ಪರಿಚಾರಕನಲ್ಲಿ ಇರಬೇಕಾದ ಗುಣಗಳೂ ನಾಲ್ಕು: ಉಪಚಾರದ ಅರಿವು, ದಕ್ಷತೆ, ಅನುರಾಗ, ಶೌಚ. ಇವುಗಳಲ್ಲಿ ಮೊದಲನೆಯದಾದ ಅರಿವು ಯಾವ ಪ್ರಮಾಣದಿಂದ ಸಿದ್ಧಿಸತಕ್ಕದ್ದು? ರೂಢಿಯಿಂದಲೋ, ಸ್ವಾನುಭವದಿಂದಲೋ, ಅನೇಕ ರೋಗಿಗಳ ಗತಿಯನ್ನು ಎಣಿಸಿ ಹೋಲಿಸುವುದರಿಂದಲೋ? ಈ ಪ್ರಶ್ನೆಯು ಆಧುನಿಕ ಶುಶ್ರೂಷಾಶಾಸ್ತ್ರದಲ್ಲಿ ಹೇಗೆ ತಲೆದೋರಿತೆಂಬುದನ್ನು ಫ್ಲಾರೆನ್ಸ್ ನೈಟಿಂಗೇಲರ ಚರಿತ್ರೆಯಿಂದ ಇಲ್ಲಿ ವಿಚಾರಿಸಲಾಗಿದೆ.

ಕ್ರಿಮಿಯಾ ಯುದ್ಧಕಾಲದಲ್ಲಿ, 1854ನೆಯ ಇಸವಿ ನವೆಂಬರಿನಲ್ಲಿ, ಆಕೆಯು 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದರು. ಅಡಿಗೆ, ಹಾಸಿಗೆ, ಬಟ್ಟೆಬರೆಗಳ ವ್ಯವಸ್ಥೆ ಅವರಿಂದ ಸುಧಾರಿಸಿತು. ಹೀಗಿದ್ದರೂ ಮರಣಗಳು ಏರುತ್ತಲೇ ಹೋಗಿ, 1855ನೆಯ ಫೆಬ್ರವರಿಯಲ್ಲಿ ಚಿಕಿತ್ಸೆಗೊಳಗಾದವರಲ್ಲಿ ಶೇಕಡ 42.7ಕ್ಕೆ ಮುಟ್ಟಿದವು. ಮಾರ್ಚಿಯಲ್ಲಿ ಇಂಗ್ಲೆಂಡಿನಿಂದ ನೈರ್ಮಲ್ಯ ಸಮಿತಿಯು ಬಂದು ಚರಂಡಿಗಳನ್ನು ಶುದ್ಧಮಾಡಿಸಿತು. ಗಾಳಿ ಮತ್ತು ನೀರಿನ ಏರ್ಪಾಡುಗಳನ್ನು ತಿದ್ದಿಸಿತು. ಜೂನ್ ವೇಳೆಗೆ ಆ ಅಂಕಿಯು ಶೇಕಡ 2.2ಕ್ಕೆ ಇಳಿಯಿತು.

ಜನಜನಿತವಾದ ಕಥೆಯು ಈ ಇಳಿತದ ಶ್ರೇಯಸ್ಸನ್ನೆಲ್ಲ ದೀಪಧಾರಿಣಿಯಾದ ದಾದಿಗೆ ಕೊಡುತ್ತದೆ. ಕಾಲಕ್ರಮವು ಈ ಕಥೆಗೆ ಒಪ್ಪುವುದಿಲ್ಲ; ಆಕೆ ಬಂದ ಮೇಲೆಯೇ ಮರಣಗಳು ಹೆಚ್ಚಿದುವಷ್ಟೆ. ಹಾಗೆಂದು ಚರಂಡಿಯ ಕೆಲಸವೊಂದೇ ಕಾರಣವೆಂದು ತಟ್ಟನೆ ನಿರ್ಣಯಿಸುವುದೂ ಯುಕ್ತವಲ್ಲ. ಅದೇ ತಿಂಗಳುಗಳಲ್ಲಿ ಚಳಿಗಾಲ ಕಳೆಯಿತು. ಆಸ್ಪತ್ರೆಯ ನೂಕುನುಗ್ಗಲೂ ತಗ್ಗಿತು. ಒಂದರ ತರುವಾಯ ಮತ್ತೊಂದು ನಡೆದ ಮಾತ್ರಕ್ಕೆ ಕಾರ್ಯಕಾರಣಸಂಬಂಧವು ಸಿದ್ಧಿಸದು.

ಯುದ್ಧಾನಂತರ ಆಕೆಯು ಅಂಕಿಗಳ ತಜ್ಞರಾದ ವಿಲಿಯಂ ಫಾರರೊಡನೆ ಸೈನ್ಯದ ಮರಣಲೆಕ್ಕಗಳನ್ನು ಪರಿಶೀಲಿಸಿದರು. ತಮ್ಮ ಆಸ್ಪತ್ರೆಯ ಸಾವುಗಳಿಗೆ ಆಹಾರದ ಅಭಾವವೂ ಸೈನಿಕರ ಬಳಲಿಕೆಯೂ ಮುಖ್ಯ ಕಾರಣವೆಂಬ ತಮ್ಮ ಹಿಂದಿನ ನಂಬಿಕೆಯನ್ನು ಆಕೆಯು 1857ರಲ್ಲಿ ಈ ಲೆಕ್ಕಗಳ ಮುಂದೆ ಬಿಟ್ಟುಕೊಡಬೇಕಾಯಿತೆಂದು ಹ್ಯೂ ಸ್ಮಾಲ್ ಎಂಬವರು 1998ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ನೈಟಿಂಗೇಲರ ಸಮಗ್ರ ಕೃತಿಗಳನ್ನು ಸಂಪಾದಿಸಿದ ಲಿನ್ ಮೆಕ್‌ಡೊನಾಲ್ಡರು ಈ ವಾದವನ್ನು ಒಪ್ಪುವುದಿಲ್ಲ. ಇದು ಹೇಗಾದರೂ ಇರಲಿ. ಆಕೆಯ ವಾದಸರಣಿಯಲ್ಲಿ ಹೋಲಿಕೆಗೆ ಪ್ರಧಾನಸ್ಥಾನ ದೊರೆತುದು ನಿಸ್ಸಂದೇಹ. ಶಾಂತಿಕಾಲದಲ್ಲಿ ಸ್ವದೇಶದಲ್ಲಿಯೇ ಇದ್ದ ಸೈನಿಕರಲ್ಲಿ, ಪಡೆಯಿಂದ ಪಡೆಗೆ, ವರ್ಷಕ್ಕೆ ಸಾವಿರಕ್ಕೆ 17, 19, 20ರಂತೆ ಸಾಯುತ್ತಿದ್ದರೆ ನಾಗರಿಕರಲ್ಲಿ ಸಾಯುತ್ತಿದ್ದವರು 11 ಮಂದಿ ಮಾತ್ರವೆಂದು ಆಕೆ ತೋರಿಸಿದರು. ಇಲ್ಲಿ ಯುದ್ಧದ ಗಾಯವೂ ಇಲ್ಲ, ಕ್ರಿಮಿಯಾದ ಚಳಿಯೂ ಇಲ್ಲ. ಸೈನಿಕರಾದರೋ ಆರೋಗ್ಯವನ್ನು ಪರೀಕ್ಷಿಸಿಯೇ ಆಯ್ದುಕೊಂಡವರು. ಆದಕಾರಣ ವಾಸಸ್ಥಾನದ ದೋಷವೇ ಕಾರಣವೆಂಬ ಅನುಮಾನವು ಹೆಚ್ಚು ದೃಢವಾಗುತ್ತದೆ. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ತನ್ನ ಮೊದಲನೆಯ ಮಹಿಳಾ ಸದಸ್ಯರನ್ನಾಗಿ ಆರಿಸಿತು.

ಎಣಿಕೆಯೂ ನಿರ್ದುಷ್ಟವಾದ ಪ್ರಮಾಣವೇನಲ್ಲ. ಆಸ್ಪತ್ರೆಗಳನ್ನು ಕುರಿತ ಗ್ರಂಥದ 1863ರ ಆವೃತ್ತಿಯಲ್ಲಿ ಆಕೆಯು ಫಾರರ ಒಂದು ಪಟ್ಟಿಯನ್ನು ಬಳಸಿ, ಲಂಡನ್ನಿನ 24 ಆಸ್ಪತ್ರೆಗಳಲ್ಲಿ ಮರಣವು ಶೇಕಡ 90ಕ್ಕೂ ಮೀರಿದುದೆಂದು ಬರೆದರು. ವರ್ಷದ ಸಾವುಗಳನ್ನೆಲ್ಲ, ಒಂದು ನಿಯತ ದಿನದಲ್ಲಿ ಆಸ್ಪತ್ರೆಯೊಳಗಿದ್ದ ರೋಗಿಗಳ ಸಂಖ್ಯೆಯಿಂದ ಭಾಗಿಸಿದ್ದರ ಫಲವಿದು. ವರ್ಷದುದ್ದಕ್ಕೂ ಬಂದುಹೋದ ರೋಗಿಗಳು ಅದರ ಎಷ್ಟೋ ಪಾಲು ಹೆಚ್ಚು. ವೈದ್ಯರು ಆಕ್ಷೇಪಿಸಿದರು, ಆಕ್ಷೇಪಣೆಯು ನ್ಯಾಯವಾದುದೇ. ಅಂಕಿ ಸರಿಯಾಗಿದ್ದರೂ ಭಾಜಕವು ತಪ್ಪಿದರೆ ನಿರ್ಣಯವು ತಪ್ಪುತ್ತದೆ.

ಇದೇ ವಿಚಾರಣೆಯು ನಮ್ಮ ನಾಡನ್ನೂ ಮುಟ್ಟಿತು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರೆಂದು 1863ರ ರಾಜಕೀಯ ಆಯೋಗದ ವರದಿಯಿಂದ ಗೊತ್ತಾಯಿತು. ಅದಕ್ಕಾಗಿ ದಂಡುಗಳಿಂದ ಬಂದ ಲಿಖಿತ ಉತ್ತರಗಳನ್ನು ಓದಿ ನೈಟಿಂಗೇಲರು ಬರೆದ ಟಿಪ್ಪಣಿಯಲ್ಲಿ ಬೆಂಗಳೂರಿನ ಹಲಸೂರು ಕೆರೆಯ ಪ್ರಸ್ತಾಪವಿದೆ: ಪೇಟೆಯ ಕೊಳಚೆಯೆಲ್ಲ ಹರಿದು ಸೇರುತ್ತಿದ್ದ ಕೆರೆಯೇ ಕುಡಿಯುವ ನೀರಿಗೂ ಆಧಾರವಾಗಿತ್ತು. ಇಂಡಿಯಾವನ್ನು ಎಂದೂ ಕಾಣದ ಆಕೆಗೆ ಇದು ತಿಳಿದುದು ಕಾಗದಗಳಿಂದ. ಕೆರೆಯ ದಂಡೆಯಲ್ಲಿ ದಿನವೂ ನಡೆದಾಡುತ್ತಿದ್ದವರು ಅದನ್ನು ರೂಢಿಯೆಂದು ಸಹಿಸಿಕೊಂಡಿದ್ದರು.

ಶುಶ್ರೂಷಾ ಸಂಶೋಧನೆಗೆಂದೇ ಅಮೆರಿಕದಲ್ಲಿ 1952ರಲ್ಲಿ ಪತ್ರಿಕೆಯೊಂದು ಹುಟ್ಟಿತು. ಪ್ರಮಾಣಾಧಾರಿತ ಶುಶ್ರೂಷೆಯ ಹೆಸರನ್ನೇ ಹೊತ್ತ ಪತ್ರಿಕೆಯು ಇಂಗ್ಲೆಂಡಿನಲ್ಲಿ 1998ರಲ್ಲಿ ಮೊದಲಾಯಿತು. ಹಳಗನ್ನಡದ ಪ್ರತಿಗಳನ್ನು ತಾಳೆನೋಡಿದ ವಾಚಕರಿಗೆ ಈ ಮಾರ್ಗವು ಅಪರಿಚಿತವಲ್ಲ. ಬಹುಕಾಲ ಮೆಚ್ಚಿಕೊಂಡಿದ್ದ ಪಾಠವನ್ನು ಬೇರೆ ಪ್ರತಿಗಳ ಸಾಕ್ಷ್ಯದ ಮುಂದೆ ಬಿಟ್ಟುಕೊಡುವುದು ಎಷ್ಟು ಕಷ್ಟವೆಂಬುದನ್ನು ಅವರು ಬಲ್ಲರು. ಅಲ್ಲಿ ತಪ್ಪಿದರೆ ಒಂದು ಪದ್ಯ ಕೆಡುತ್ತದೆ; ಇಲ್ಲಿ ತಪ್ಪಿದರೆ ಒಂದು ಜೀವ ಹೋಗುತ್ತದೆ. ಹಾಸಿಗೆಯ ಬಳಿ ಕುಳಿತ ಅನುರಾಗವು ಒಬ್ಬ ರೋಗಿಯನ್ನು ಕಾಣುತ್ತದೆ. ಇಡೀ ಆಸ್ಪತ್ರೆಯ ಗತಿಯನ್ನು ಕಾಣಲು ಲೆಕ್ಕ ಬೇಕು. ಚರಕನು ಅನುರಾಗದ ಜೊತೆಯಲ್ಲಿಯೇ ಅರಿವನ್ನೂ ಶೌಚವನ್ನೂ ಎಣಿಸಿದುದರ ಔಚಿತ್ಯವು ಸ್ಕುಟಾರಿಯ ಅಂಕಿಗಳಿಂದ ನಮಗೆ ಮತ್ತೊಮ್ಮೆ ಮನದಟ್ಟಾಗುತ್ತದೆ.