ಬಯಾಜಿನ ಖಾಲಿ ಹಾಳೆ

ತಿ. ನರಸೀಪುರದ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ತಂದೆ ಮನೆಯಲ್ಲಿ ಇನ್ನೊಂದು ಪುಸ್ತಕ ಇಟ್ಟುಕೊಂಡಿದ್ದರು. ಅದನ್ನು ಅವರು ಬಯಾಜ್ ಎನ್ನುತ್ತಿದ್ದರು. ಅರಬ್ಬಿಯಲ್ಲಿ ಆ ಪದಕ್ಕೆ ಬಿಳುಪು ಎಂಬ ಅರ್ಥ. ಫಾರ್ಸಿ ಮತ್ತು ಉರ್ದು ಬಲ್ಲವರ ಮನೆಗಳಲ್ಲಿ ಅದು ಖಾಲಿ ಹಾಳೆಗಳ ಸ್ವಂತದ ಪುಸ್ತಕಕ್ಕೆ ಹೆಸರಾಯಿತು. ಮೆಚ್ಚಿದ ಶೇರ್‌ಗಳನ್ನು ನಕಲು ಮಾಡಿಕೊಳ್ಳುವುದು ಅದರ ಮೂಲ ಕೆಲಸ. ಆದರೆ ಖಾಲಿ ಹಾಳೆ ಸಿಕ್ಕರೆ ಮನುಷ್ಯ ಸುಮ್ಮನಿರುತ್ತಾನೆಯೇ? ಅಬ್ಬಾನ ಬಯಾಜಿನಲ್ಲಿ ಶಾಯರಿಯ ಪಕ್ಕದಲ್ಲೇ ನಮ್ಮ ಹುಟ್ಟಿದ ದಿನಗಳಿವೆ, ಕೆಮ್ಮಿನ ಔಷಧಿಯಿದೆ, ಯಾರಿಗೋ ಕೊಟ್ಟ ಸಾಲವಿದೆ. ಕಪಿಲೆ ಸೋಪಾನದ ಎಷ್ಟನೆಯ ಮೆಟ್ಟಿಲಿಗೆ ಬಂದಳೆಂಬ ಲೆಕ್ಕವಿದೆ. ಒಂದು ಕಡೆ ಬರೇ ಒಂದು ಸಾಲು: ಇವತ್ತು ನನ್ನಿಂದ ತಪ್ಪಾಯಿತು. ಏನು ತಪ್ಪು, ಯಾರಿಗೆ, ಬರೆದಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಇಂತಹ ಖಾಸಗಿ ಪುಸ್ತಕಗಳಲ್ಲಿ ನಮ್ಮ ಸೀಮೆಯ ಅತ್ಯಂತ ಪ್ರಸಿದ್ಧವಾದದ್ದು ಸಿಕ್ಕಿದ್ದು ಶ್ರೀರಂಗಪಟ್ಟಣದಲ್ಲಿ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಮಲಗುವ ಕೋಣೆಯಲ್ಲಿ ಕರ್ನಲ್ ಕರ್ಕ್‌ಪ್ಯಾಟ್ರಿಕ್‌ಗೆ ಒಂದು ಚಿಕ್ಕ ಪುಸ್ತಕ ದೊರೆಯಿತು. ಸುಲ್ತಾನ ಸ್ವಂತ ಕೈಯಿಂದ ಫಾರ್ಸಿಯಲ್ಲಿ ಬರೆದಿಟ್ಟ ತನ್ನ ಕನಸುಗಳು, ಒಟ್ಟು 37. ಮುನ್ಷಿ ಹಬೀಬುಲ್ಲಾನಿಗೆ ಅಂಥದೊಂದು ಪುಸ್ತಕ ಇರುವುದು ಗೊತ್ತಿತ್ತಂತೆ. ಆದರೆ ಯಾರಾದರೂ ಹತ್ತಿರ ಬಂದರೆ ಸುಲ್ತಾನ ಅದನ್ನು ಮುಚ್ಚಿಡುತ್ತಿದ್ದುದರಿಂದ ಕಣ್ಣಿಂದ ಕಂಡಿರಲಿಲ್ಲ. 1800ರಲ್ಲಿ ಅದು ಲಂಡನ್ನಿನ ಕಂಪೆನಿ ನಿರ್ದೇಶಕರ ಕೈ ಸೇರಿತು. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ.

ನಂಜನಗೂಡಿನವರಿಗೆ ಟಿಪ್ಪು ಎಂದರೆ ಹಕೀಂ ನಂಜುಂಡನ ಕತೆ. ಪಟ್ಟದಾನೆಯ ಕಣ್ಣು ನಂಜುಂಡೇಶ್ವರನ ಕೃಪೆಯಿಂದ ವಾಸಿಯಾಯಿತೆಂದು ಸುಲ್ತಾನ ಪಚ್ಚೆಯ ಲಿಂಗ ಅರ್ಪಿಸಿದ, ದೇವರನ್ನು ಹಕೀಂ ಎಂದು ಕರೆದ ಎಂಬುದು ಊರಿನ ನಂಬಿಕೆ. ಕನಸಿನ ಪುಸ್ತಕದಲ್ಲೂ ಒಂದು ಗುಡಿ ಬರುತ್ತದೆ. ಹಿಂಭಾಗ ಶಿಥಿಲವಾದ ದೊಡ್ಡ ಗುಡಿ, ಸಾಲು ವಿಗ್ರಹಗಳು, ಅವುಗಳ ಕಣ್ಣುಗಳು ಚಲಿಸುತ್ತಿವೆ. ಕೊನೆಯ ಸಾಲಿನ ಹೆಣ್ಣು ವಿಗ್ರಹವೊಂದು ನಾವೆಲ್ಲ ದೇವರನ್ನೇ ಸ್ಮರಿಸುತ್ತಿದ್ದೇವೆ ಎನ್ನುತ್ತದೆ. ಒಳ್ಳೆಯದು, ಮುಂದುವರಿಸಿ ಎಂದು ಹೇಳಿ ಸುಲ್ತಾನ ಗುಡಿಯ ದುರಸ್ತಿಗೆ ಅಪ್ಪಣೆ ಮಾಡುತ್ತಾನೆ. ಟಿಪ್ಪುವಿನ ಪರ ವಾದಿಸುವವರು ಈ ಕನಸನ್ನು ಸಾಕ್ಷಿಯಂತೆ ಎತ್ತಿ ಹಿಡಿದರೆ, ವಿರೋಧಿಗಳು ಯುದ್ಧದ ಕನಸುಗಳನ್ನು ಎತ್ತಿ ಹಿಡಿಯುತ್ತಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ಅದು ನ್ಯಾಯಾಲಯಕ್ಕೆಂದು ಬರೆದ ಪುಸ್ತಕವಲ್ಲ. ಬೆಳಿಗ್ಗೆ ಎದ್ದು ತನ್ನನ್ನೇ ತಾನು ವಿಚಾರಿಸಿಕೊಂಡ ಒಬ್ಬ ಮನುಷ್ಯನದು.

ಅಬ್ಬಾನ ಬಯಾಜಿಗೂ ಸುಲ್ತಾನನ ಪುಸ್ತಕಕ್ಕೂ ಅರಮನೆ ಮತ್ತು ಗಿರಣಿಯಷ್ಟು ಅಂತರ. ಆದರೂ ಎರಡಕ್ಕೂ ಯಜಮಾನ ಒಬ್ಬನೇ. ಏನು ಬರೆಯಬೇಕೆಂದು ಹೊರಗಿನಿಂದ ಯಾರೂ ಹೇಳಲಿಲ್ಲ. ಆ ಸ್ವಾತಂತ್ರ್ಯ ಉಳಿಸಿಕೊಂಡು ಬಾಗಿಲು ಮಾತ್ರ ತೆರೆದಿಟ್ಟರೆ ಹೇಗೆ? ಈ ಪ್ರಶ್ನೆಗೆ ನಮ್ಮ ಕಾಲ ಕೊಟ್ಟ ಉತ್ತರ ಸ್ವಂತ ಜಾಲತಾಣ.

ಟಿಮ್ ಬರ್ನರ್ಸ್ ಲೀ ತನ್ನ ವೆಬ್ಬನ್ನು ಲೋಕಕ್ಕೆ ತಿಳಿಸಿದ್ದು 1991ರಲ್ಲಿ. 1993ರಲ್ಲಿ ಸರ್ನ್ ಸಂಸ್ಥೆ ಅದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಬಿಟ್ಟುಕೊಟ್ಟಿತು. ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ ಡಾ. ಯು.ಬಿ. ಪವನಜ ‘ವಿಶ್ವಕನ್ನಡ’ ಆರಂಭಿಸಿದರು. ಕನ್ನಡದ ಮೊದಲ ಜಾಲತಾಣವೆಂದು ಅದನ್ನು ಗುರುತಿಸುತ್ತಾರೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆದರೆ ಅಂದಿನ ಕನ್ನಡ ಪುಟಗಳ ಪಾಡು ವಿಚಿತ್ರ. ಬರೆದವನ ಫಾಂಟ್ ಓದುವವನ ಗಣಕದಲ್ಲಿ ಇಲ್ಲದಿದ್ದರೆ ಪುಟದ ತುಂಬ ಗೊಂಡಾರಣ್ಯ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ 2001ರ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆಯೇ ಸಾಮಾನ್ಯರ ಪರದೆಯಲ್ಲಿ ಅಕ್ಷರಗಳು ನೆಟ್ಟಗೆ ನಿಂತವು.

ಉರ್ದುವಿನದು ಇನ್ನೂ ಕಷ್ಟ. ಇಳಿಜಾರಾಗಿ ಹರಿಯುವ ನಸ್ತಾಲೀಖ್ ಲಿಪಿಯನ್ನು ಗಣಕ ಒಪ್ಪುತ್ತಿರಲಿಲ್ಲ. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲ್ ‘ನೂರಿ ನಸ್ತಾಲೀಖ್’ ರೂಪಿಸುವಾಗ ಒಂದೊಂದು ಅಕ್ಷರವನ್ನಲ್ಲ, ಸಾವಿರಾರು ಕೂಡಕ್ಷರಗಳನ್ನೇ ಬಿಡಿಬಿಡಿಯಾಗಿ ಬರೆದರು. ಅದು ಮುದ್ರಣಕ್ಕಾಯಿತು. ಜಾಲಕ್ಕೆ ಬಂದಾಗ ಉರ್ದು ಪತ್ರಿಕೆಗಳು ಎಷ್ಟೋ ವರ್ಷ ಬರಹವನ್ನು ಚಿತ್ರ ಮಾಡಿಯೇ ಹಾಕುತ್ತಿದ್ದವು. ನೋಡಬಹುದು, ಹುಡುಕಲಾಗದು. ನನ್ನಂತಹ ಎರಡು ಭಾಷೆಯ ಶಾಲೆಗಳಲ್ಲಿ ಓದಿದವನಿಗೆ ಎರಡು ಮನೆಗಳಿದ್ದರೂ ಎರಡಕ್ಕೂ ಬೀಗ ಬಿದ್ದ ಹಾಗಿತ್ತು.

2003ರ ಸುಮಾರಿಗೆ ನಂಜನಗೂಡಿನ ಸೈಬರ್ ಅಂಗಡಿಯೊಂದರಲ್ಲಿ ಗಂಟೆಗೆ ಇಷ್ಟೆಂದು ಕೊಟ್ಟು ಕೂತು ನನ್ನ ಮೊದಲ ಪುಟ ಕಟ್ಟಿದೆ. ಜಾಗ ಬಿಟ್ಟಿ ಕೊಡುವ ಕಂಪೆನಿಯೊಂದರಲ್ಲಿ. ಹಿನ್ನೆಲೆಗೆ ಕಡುಹಸಿರು, ಅದರ ಮೇಲೆ ಹಳದಿ ಅಕ್ಷರ. ಈಗ ನೆನೆದರೆ ನಾಚಿಕೆ. ಆದರೆ ಅಲ್ಲಿ ನಾನು ಬರೆದದ್ದು ಬೇರೆಲ್ಲೂ ಬರೆಯಲಾಗದ್ದು. ಮುಸ್ಲಿಂ ಕತೆಗಾರನಿಗೆ ಪತ್ರಿಕೆಗಳಿಂದ ಬರುವ ಕರೆಗಳು ಗೊತ್ತಲ್ಲ? ರಂಜಾನ್ ಬಂದರೆ ಉಪವಾಸದ ಬಗ್ಗೆ ಒಂದು ಲೇಖನ, ಎಲ್ಲೋ ಗಲಭೆಯಾದರೆ ನಿಮ್ಮ ಪ್ರತಿಕ್ರಿಯೆ ಸರ್. ನುಗ್ಗೆಮರದ ಬಗ್ಗೆ ಬರೆದುಕೊಡಿ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. (ಈ ಪತ್ರಿಕೆಯ ಸಂಪಾದಕರು ಮನ್ನಿಸಬೇಕು.) ನನ್ನ ಪುಟದಲ್ಲಿ ನಾನು ನುಗ್ಗೆಮರದ ಬಗ್ಗೆ ಬರೆದೆ. ತಲಕಾಡಿನ ಮರಳಿನಲ್ಲಿ ಚಪ್ಪಲಿ ಕಳೆದುಕೊಂಡ ಬಗ್ಗೆ ಬರೆದೆ. ಅಬ್ಬಾ ತೀರಿಕೊಂಡ ವಾರದಲ್ಲಿ ಅಳು ಬಾರದೆ ಇದ್ದುದರ ಬಗ್ಗೆಯೂ ಬರೆದೆ. ಬರೆಯುತ್ತಾ ಹೋದಂತೆ ತಿಳಿಯಿತು, ನಾನು ದುಃಖಕ್ಕಿಂತ ಹೆಚ್ಚು ಸಿಟ್ಟಿನಲ್ಲಿದ್ದೆ ಎಂದು. ಆ ಒಂದು ಸಾಲಿನ ತಪ್ಪು ಏನೆಂದು ಹೇಳದೆ ಹೋದರಲ್ಲ!

ಒಂದು ದಿನ ಪುಟ ತೆರೆಯಲಿಲ್ಲ. ಕಂಪೆನಿ ಆ ಸೇವೆ ನಿಲ್ಲಿಸಿತ್ತು. ತಿಳಿಸುವ ಓಲೆ ನಾನು ಮರೆತುಹೋದ ಇಮೇಲ್‌ಗೆ ಬಂದು ಬಿದ್ದಿತ್ತು. ಇದು ನನ್ನೊಬ್ಬನ ಗೋಳಲ್ಲ. 1994ರಲ್ಲಿ ಹುಟ್ಟಿ, 1999ರಲ್ಲಿ ಯಾಹೂ ಕೊಂಡುಕೊಂಡ ಜಿಯೋಸಿಟೀಸ್ ಲಕ್ಷಾಂತರ ಮಂದಿಯ ಸ್ವಂತ ಪುಟಗಳ ಊರಾಗಿತ್ತು. 2009ರ ಅಕ್ಟೋಬರ್ 26ರಂದು ಅದನ್ನು ಮುಚ್ಚಲಾಯಿತು. ಸ್ವಯಂಸೇವಕರು ರಾತ್ರಿ ಹಗಲು ಕೂತು ನಕಲು ಮಾಡಿಕೊಂಡದ್ದಷ್ಟು ಉಳಿಯಿತು. ಬ್ರೂಸ್ಟರ್ ಕಾಲ್ 1996ರಲ್ಲಿ ಕಟ್ಟಿದ ಇಂಟರ್ನೆಟ್ ಆರ್ಕೈವ್‌ನಲ್ಲಿ ನನ್ನ ಹಳೆಯ ಪುಟದ ಎರಡು ಹಾಳೆಗಳು ಸಿಕ್ಕವು. ನುಗ್ಗೆಮರ ಉಳಿದಿದೆ, ಅಬ್ಬಾ ಉಳಿಯಲಿಲ್ಲ.

ಆಮೇಲೆ ನನ್ನದೇ ವಿಳಾಸವೊಂದನ್ನು ಕೊಂಡೆ. ವರ್ಷಕ್ಕೊಮ್ಮೆ ಬಾಡಿಗೆ, ಬರಹದ ಪ್ರತಿ ಮನೆಯಲ್ಲೂ ಇರುತ್ತದೆ. ಫೇಸ್‌ಬುಕ್ಕಿನಲ್ಲಿ ಬರೆದರೆ ಸಾವಿರ ಜನ ಓದುತ್ತಾರೆ, ಇಲ್ಲಿಗೆ ಏಕೆ ಎಂದು ಗೆಳೆಯರು ಕೇಳುತ್ತಾರೆ. ಅದು ಸಂತೆ, ನಾನೂ ಹೋಗುತ್ತೇನೆ. ಆದರೆ ಸಂತೆಯಲ್ಲಿ ನಿಂತು ಇವತ್ತು ನನ್ನಿಂದ ತಪ್ಪಾಯಿತು ಎನ್ನಲು ಬಾಯಿ ಬರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕಪಿಲೆ ನಂಜನಗೂಡಿನ ರಸ್ತೆಗೇ ಹತ್ತಿದಾಗ ಅಬ್ಬಾನಂತೆ ನಾನೂ ದಿನದಿನದ ನೀರಿನ ಲೆಕ್ಕ ಬರೆದಿಟ್ಟೆ. ಆಗ ಓದಿದವರು ಹದಿನೈದು ಮಂದಿ ಇರಬಹುದು.

ಬರೆದವನು ಹೋದ ಮೇಲೆ ಏನು ಎಂಬುದೇ ಈಗ ನನ್ನ ಚಿಂತೆ. ನಮ್ಮ ಎರಡೂ ತಾಲ್ಲೂಕುಗಳ ಶಾಸನಗಳು ಗದ್ದೆ ಬದುವಿನಲ್ಲಿ, ಗುಡಿಯ ಗೋಡೆಯಲ್ಲಿ ಇದ್ದವು. ಬಿ.ಎಲ್. ರೈಸ್ 1894ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಅವನ್ನು ಅಚ್ಚು ಹಾಕಿಸಿದ್ದರಿಂದ, ಆಮೇಲೆ ಸವೆದ ಕಲ್ಲುಗಳ ಮಾತೂ ನಮಗೆ ದಕ್ಕಿದೆ. ಕಲ್ಲಿಗೇ ನಕಲುಗಾರ ಬೇಕಾದರೆ ಪರದೆಯ ಗತಿ ಏನು? ಬಾಡಿಗೆ ನಿಂತ ವಿಳಾಸವನ್ನು ಯಾರೋ ಕೊಂಡು ಜೂಜಿನ ಜಾಹೀರಾತು ಹಾಕುವುದೂ ಉಂಟು. ಇದಕ್ಕೆ ವಿರುದ್ಧವಾದ ಉದಾಹರಣೆ ನಂಜನಗೂಡಿನದೇ. ಇತಿಹಾಸಕಾರ ಎಸ್. ಶ್ರೀಕಂಠಶಾಸ್ತ್ರಿಗಳು 1904ರಲ್ಲಿ ಇಲ್ಲಿ ಹುಟ್ಟಿದವರು. ‘ಭಾರತೀಯ ಸಂಸ್ಕೃತಿ’ ಬರೆದವರು. ಅವರು ತೀರಿಕೊಂಡ 1974ರಲ್ಲಿ ವೆಬ್ ಎಂಬ ಹೆಸರೇ ಇರಲಿಲ್ಲ. ಕುಟುಂಬದವರು ಅವರ ಹೆಸರಿನಲ್ಲಿ ಸ್ವತಂತ್ರ ಜಾಲತಾಣವೊಂದನ್ನು ಮಾಡಿ ಚದುರಿಹೋಗಿದ್ದ ಲೇಖನಗಳನ್ನು ಅಲ್ಲಿ ಸೇರಿಸಿದರು. ತಾತನ ಕಪಾಟಿಗೆ ಮನೆಯವರು ಹೀಗೆ ಬಾಗಿಲು ಇಟ್ಟದ್ದನ್ನು ಕಂಡು ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಕಳೆದ ಈದ್‌ನ ಮರುದಿನ ಅಬ್ಬಾನ ಬಯಾಜನ್ನು ಬಿಸಿಲಿಗಿಡಲು ತೆಗೆದೆ. ಅಂಚುಗಳನ್ನು ಹುಳ ತಿಂದಿದೆ, ಕೊನೆಯಲ್ಲಿ ನಾಲ್ಕು ಹಾಳೆ ಖಾಲಿ ಇವೆ. ಅದರಲ್ಲೊಂದರ ಮೇಲೆ ನನ್ನ ತಾಣದ ವಿಳಾಸ, ಗುಪ್ತಪದ, ಬಾಡಿಗೆ ಕಟ್ಟಬೇಕಾದ ತಿಂಗಳು ಬರೆದೆ. ಬರೆದು ಮುಗಿಸಿದ ಮೇಲೆ ನೋಡಿದರೆ ಪುಸ್ತಕದ ರೂಢಿಯಂತೆ ಕೈ ತಾನಾಗಿ ಉರ್ದುವಿನಲ್ಲಿ ಬರೆದುಬಿಟ್ಟಿದೆ. ಮಗಳಿಗೆ ಉರ್ದು ಓದಲು ಬರುವುದಿಲ್ಲ. ಕೆಳಗೆ ಮತ್ತೊಮ್ಮೆ ಕನ್ನಡದಲ್ಲಿ ಬರೆದಿಟ್ಟೆ.